ಇನಾಸಣ್ಣನ ಕಿಡ್ನಿಯ ಭಾರ

ನಮ್ಮ ಊರಿನಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಮೊದಲು ಎತ್ತಿ ನೋಡುತ್ತೇವೆ, ಬಿಚ್ಚಿ ನೋಡುವುದು ಆಮೇಲೆ. ಕೊಟ್ಟವನ ಮನಸ್ಸಿನಲ್ಲಿ ವಾಪಸು ಸಿಗಲಿ ಎಂಬ ಆಸೆ ಎಷ್ಟಿದೆಯೋ ಉಡುಗೊರೆಗೆ ಅಷ್ಟು ಭಾರ. ಕೊಟ್ಟವನ ಕೈಗೆ ಅದು ತಿಳಿಯುವುದಿಲ್ಲ, ಅವನ ಪಾಲಿಗೆ ಕರವಸ್ತ್ರ ಬರೀ ಕರವಸ್ತ್ರವೇ. ಈಚೆ ಕೈ ಚಾಚಿದವನ ಭುಜ ಕಳಚುತ್ತದೆ. ಚುನಾವಣೆಗೆ ನಿಂತಿದ್ದ ಒಬ್ಬ ಮಹಾನುಭಾವ ಇಗರ್ಜಿಯ ಗಂಟೆ ಹೊಡೆಯುವ ಸಿಮಾಂವನಿಗೆ ಹೀಗೇ ಒಂದು ಕರವಸ್ತ್ರ ಕೊಟ್ಟು ಬೆನ್ನು ತಟ್ಟಿ ಹೋದ. ಸಿಮಾಂವ ಮೂರು ದಿನ ಮಲಗಿದಲ್ಲೇ ಇದ್ದ, ಆ ಮೂರು ದಿನ ಊರಿನಲ್ಲಿ ಯಾರಿಗೂ ಹೊತ್ತು ಎಷ್ಟಾಯಿತೆಂದು ಗೊತ್ತಾಗಲಿಲ್ಲ.

ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ಮದುವೆ ನಿಶ್ಚಯಕ್ಕೆ ಮುಂಚೆ ಹುಡುಗಿಯರು ಉಂಗುರವನ್ನು ಕಿರುಬೆರಳಲ್ಲಿ ಎತ್ತಿ ನೋಡುತ್ತಾರೆ, ಏಳದಿದ್ದರೆ ನಮಸ್ಕಾರ ಹೇಳಿ ಎದ್ದು ಹೋಗುತ್ತಾರೆ. ಮದುವೆ ಮಂಟಪದಲ್ಲಿ ಉಡುಗೊರೆ ಇಡುವ ಮೂಲೆಗೆ ಎರಡು ಪದರ ಕಾಂಕ್ರೀಟು ಹಾಕಿಸಿದ್ದೇವೆ. ಮರದ ವ್ಯಾಪಾರಿಯೊಬ್ಬರು ಇಗರ್ಜಿಗೆ ತೆಂಗಿನಕಾಯಿಯಷ್ಟು ದೊಡ್ಡ ಗಾಜಿನ ದೀಪ ದಾನ ಮಾಡಿದಾಗ ಅದನ್ನು ತೂಗುಹಾಕಿದ ತೊಲೆಯೇ ಬಿರುಕು ಬಿಟ್ಟಿತು. ಕೊನೆಗೆ ಅವರ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸಿ ಬಾಗಿಲ ಬಳಿ ನಿಲ್ಲಿಸಿದ ಮೇಲೆ ದೀಪ ಹಗುರಾಯಿತು. ಬೇಕಾದದ್ದು ಸಿಕ್ಕರೆ ಭಾರ ಇಳಿಯುತ್ತದೆ, ಅದೂ ನಮಗೆ ಗೊತ್ತು.

ಕ್ರಿಸ್ಮಸ್ ವಾರದಲ್ಲಂತೂ ಬೀದಿ ನೋಡಬೇಕು. ಮನೆಯಿಂದ ಮನೆಗೆ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಗಳು ಹೋಗುತ್ತವೆ. ನಾಲ್ಕು ಕುಲ್‌ಕುಲ್, ಎಣ್ಣೆಯಲ್ಲಿ ಕರಿದ ಎರಡು ಗುಲಾಬಿ ಹೂ, ಒಂದು ನೆವ್ರಿ ಎಂಬ ಕರ್ಜಿಕಾಯಿ, ಮೇಲೊಂದು ಕಸೂತಿ ಬಟ್ಟೆ, ಅಷ್ಟನ್ನು ಕೈಗಾಡಿಯಲ್ಲಿ ಇಬ್ಬರು ಗಂಡಸರು ತಳ್ಳುತ್ತಿರುತ್ತಾರೆ. ಮೂಳೆ ಕೂಡಿಸುವ ವೈದ್ಯರು ಆ ವಾರ ಊಟಕ್ಕೂ ಏಳುವುದಿಲ್ಲ. ಅಪೊಲಿನ್ ಬಾಯಿ ಎಂಬ ಮುದುಕಿಯ ತಟ್ಟೆ ಮಾತ್ರ ಗಾಳಿಗೆ ಹಾರುವಷ್ಟು ಹಗುರ. ಆಕೆಗೆ ವಾಪಸು ಏನೂ ಬೇಡ, ರುಚಿ ಹೇಗಿತ್ತು ಎಂಬ ಅಭಿಪ್ರಾಯವೂ ಬೇಡ. ಆಕೆಯ ಕಲ್ಲಿನಂಥ ನೆವ್ರಿ ಕಚ್ಚಿದವರು ಅಭಿಪ್ರಾಯ ಹೇಳುವ ಸ್ಥಿತಿಯಲ್ಲೂ ಇರುವುದಿಲ್ಲ.

ನಮ್ಮ ಪಾದ್ರಿ ಫಾದರ್ ವಲೇರಿಯನ್ ಹೊರಗಿನಿಂದ ಬಂದವರು. ಕ್ರಿಸ್ಮಸಿಗೆ ಮುಂಚಿನ ಆಗಮನ ಕಾಲದಲ್ಲಿ ಪ್ರತಿ ವರ್ಷ ಪೀಠದಿಂದ ಅವರದ್ದು ಒಂದೇ ಪ್ರಸಂಗ. ದೇವರು ತನ್ನ ಒಬ್ಬನೇ ಮಗನನ್ನು ಲೋಕಕ್ಕೆ ಕೊಟ್ಟ, ಬದಲಿಗೆ ಏನನ್ನೂ ಬಯಸಲಿಲ್ಲ, ಆದ್ದರಿಂದ ಆ ಉಡುಗೊರೆಗೆ ಭಾರವೇ ಇಲ್ಲ, ನೀವೂ ಹಾಗೆ ಕೊಡಿ. ಒಂದು ವರ್ಷ ಅಪೊಲಿನ್ ಬಾಯಿ ಕೂತಲ್ಲಿಂದಲೇ, "ಹಾಗಾದ್ರೆ ಶಿಲುಬೆ ಯಾಕೆ ಅಷ್ಟು ಭಾರ ಇತ್ತು ಫಾದರ್?" ಎಂದು ಕೇಳಿದರು. ಫಾದರ್ ಗಂಟಲು ಸರಿಮಾಡಿಕೊಂಡು ಕಾಣಿಕೆ ಡಬ್ಬಿ ತಿರುಗಿಸಲು ಹೇಳಿದರು.

ನಾನು ಲಿಗೋರಿ, ದರ್ಜಿ. ಊರಿನ ಅರ್ಧ ಮದುವೆಗಳ ಕೋಟು, ಪಾದ್ರಿಗಳ ನಿಲುವಂಗಿ ಎಲ್ಲ ನನ್ನ ಹೊಲಿಗೆ. ಅಂಗಡಿಯ ಗೋಡೆಯ ಆಚೆ ನನ್ನ ಅಣ್ಣ ಇನಾಸನ ಬೇಕರಿ. ಅವನು ನನಗಿಂತ ಆರು ವರ್ಷ ದೊಡ್ಡವನು, ಆರು ಇಂಚು ಕುಳ್ಳ. ನಮಗಿಬ್ಬರಿಗೂ ನಾನು ಹುಟ್ಟಿದಾಗಿನಿಂದ ಜಗಳ. ಶತ್ರುಗಳ ಜಗಳ ಅಲ್ಲ, ಶತ್ರುಗಳಿಗೆ ಅಷ್ಟೊಂದು ಪುರುಸೊತ್ತು ಇರುವುದಿಲ್ಲ. ಅವನ ರೇಡಿಯೋ ದೊಡ್ಡದಾಯಿತೆಂದು ನಾನು ಗೋಡೆ ಗುದ್ದುವುದು, ನನ್ನ ಮಿಷನ್ನಿನ ಸದ್ದಿಗೆ ಅವನ ಕೇಕು ಕುಸಿಯಿತೆಂದು ಅವನು ವಾಪಸು ಗುದ್ದುವುದು, ಹಿತ್ತಲ ದೀವಿಹಲಸಿನ ಮರ ಯಾರ ಕಡೆ ವಾಲಿದೆ ಎಂದು ನೂಲು ಹಿಡಿದು ಅಳೆಯುವುದು. ಇಗರ್ಜಿಯ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ, ಕಟ್ಟುವುದು ಅಪ್ಪನ ಕಾಲದಿಂದ ನಮ್ಮ ಮನೆಯ ಕೆಲಸ. ಡಿಸೆಂಬರ್ ಹದಿನೈದಕ್ಕೆ ಶುರು, ಹದಿನಾರಕ್ಕೆ ಕತ್ತೆ ಎಡಕ್ಕೋ ಬಲಕ್ಕೋ ಎಂದು ಜಗಳ. ಇಪ್ಪತ್ತನಾಲ್ಕರ ಸಂಜೆ ಒಬ್ಬರಿಗೊಬ್ಬರು "ಇನ್ನು ನಿನ್ನ ಮುಖ ನೋಡಿದ್ರೆ ಕೇಳು" ಎನ್ನುವ ಹೊತ್ತಿಗೆ ಗೋದಲಿ ಮುಗಿದಿರುತ್ತಿತ್ತು.

ಹಿಂದಿನ ಕ್ರಿಸ್ಮಸ್ ಮುಗಿದ ವಾರವೇ ನನ್ನ ಎರಡೂ ಕಿಡ್ನಿಗಳು ಕೈಕೊಟ್ಟವು. ಬಂಧುಗಳೆಲ್ಲ ಸಂತಾಪ ಸೂಚಿಸಿದರು, ಕೆಲವರು ಸ್ವಲ್ಪ ಮುಂಚಿತವಾಗಿಯೇ. ಸೇತುವೆಯ ಆಚೆಯ ಊರಿನ ಆಸ್ಪತ್ರೆಯಲ್ಲಿ ಎಲ್ಲರ ರಕ್ತ ನೋಡಿದರು, ಹೊಂದಿದ್ದು ಇನಾಸನದ್ದು ಮಾತ್ರ. ಅವನು ಕೈಯ ಮೈದಾ ಹಿಟ್ಟು ಒರೆಸದೆ ಬಂದು ಡಾಕ್ಟರ ಮುಂದೆ ಕೂತು, "ಎರಡು ಉಂಟಲ್ವಾ, ಒಂದು ತೆಗೀರಿ. ಎಡದ್ದೇ ತೆಗೀರಿ, ನಂಗೆ ಆ ಮಗ್ಗುಲಲ್ಲಿ ಮಲಗಿದ್ರೆ ನಿದ್ದೆ ಬರುದಿಲ್ಲ," ಎಂದ. ನನ್ನ ಹೆಂಡತಿ ಪ್ರೆಸಿಲ್ಲಾ ಅವನ ಕಾಲಿಗೆ ಬೀಳಲು ಹೋದಳು. ನಾನು ಹಾಸಿಗೆಯಲ್ಲಿದ್ದವನು ಅತ್ತೆ. ಅದಕ್ಕೆ ಮುಂಚೆ ಅವನ ಎದುರು ನಾನು ಅತ್ತದ್ದು ಅವನು ನನ್ನ ಗಾಳಿಪಟ ಹರಿದಾಗ.

ಮಾರ್ಚಿನಲ್ಲಿ ಆಪರೇಷನ್ ಆಯಿತು. ಹೊಸ ಕಿಡ್ನಿಯನ್ನು ಹೊಟ್ಟೆಯ ಬಲಗಡೆ ಕೆಳಗೆ ಕೂರಿಸಿದರು. ಆಸ್ಪತ್ರೆಯಲ್ಲಿ ನಾನು ಹತ್ತಿಯ ಹಾಗಿದ್ದೆ, ಹದಿನೈದನೇ ದಿನಕ್ಕೆ ಕಾರಿಡಾರಿನಲ್ಲಿ ಓಡಾಡುತ್ತಿದ್ದೆ. ಏಪ್ರಿಲ್ ಮೊದಲ ವಾರ ವ್ಯಾನಿನಲ್ಲಿ ಊರಿಗೆ ಹೊರಟೆವು. ಸೇತುವೆ ದಾಟಿ ನಮ್ಮ ಊರಿನ ಮಣ್ಣು ಮುಟ್ಟಿದ ಕೂಡಲೇ ವ್ಯಾನು ಬಲಕ್ಕೆ ವಾಲಿತು. ಡ್ರೈವರ್ ಇಳಿದು ಟೈರು ಒದ್ದು ನೋಡಿದ, ಗಾಳಿ ಸರಿಯಾಗಿತ್ತು. ಪ್ರೆಸಿಲ್ಲಾ ನನ್ನ ಮುಖ ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ. ಹಿಂದಿನ ಸೀಟಿನಲ್ಲಿ ಇನಾಸ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ.

ಮೊದಲ ವಾರ ಒಂದು ಸೇರು ಅಕ್ಕಿಯಷ್ಟು ಭಾರ ಇದ್ದಿರಬಹುದು. ಬಲಗಾಲು ಎಳೆದುಕೊಂಡು ನಡೆದೆ. ಮೇ ತಿಂಗಳಿಗೆ ಮಂಚದ ಬಲಗಾಲು ಮುರಿಯಿತು. ಊರಿಗೆ ವಿಷಯ ತಿಳಿಯಲು ಎಷ್ಟು ಹೊತ್ತು ಬೇಕು? "ಇನಾಸ ದೊಡ್ಡದೇ ಏನೋ ಹಾಕಿದ್ದಾನೆ ಲೆಕ್ಕ," ಎಂದು ಇಗರ್ಜಿಯ ಮೆಟ್ಟಿಲ ಮೇಲೆ ಮಾತಾಯಿತು. ಬೇಕರಿಗೆ ಬರುವವರು ಬ್ರೆಡ್ಡಿನ ಜೊತೆಗೆ ಒಂದು ಓರೆನೋಟ ಕೊಟ್ಟು ಹೋಗತೊಡಗಿದರು. ಅವನು ಒಂದು ಭಾನುವಾರ ನಮ್ಮ ಮನೆಗೆ ಬಂದು ಗೋಡೆಯ ಶಿಲುಬೆಯ ಮೇಲೆ ಕೈ ಇಟ್ಟು, "ನಂಗೆ ಏನೂ ಬೇಡ ಲಿಗೋರಿ, ಆಣೆ," ಎಂದ. ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ನಾನು ಕೂತಿದ್ದ ಕುರ್ಚಿ ಮಾತ್ರ ಕಿರ್ರ್ ಎಂದಿತು.

"ಬೇಡ ಅಂತ ಹೇಳುದು ಬಾಯಿ. ಹೊಟ್ಟೆಯಲ್ಲಿ ಬೇರೆ ಉಂಟು," ಎಂದಳು ಪ್ರೆಸಿಲ್ಲಾ ಅವನು ಹೋದ ಮೇಲೆ.

"ಹೊಟ್ಟೆಯಲ್ಲಿ ಇದ್ದದ್ದನ್ನೇ ಅಲ್ವಾ ಮಾರಾಯ್ತಿ ನಂಗೆ ಕೊಟ್ಟದ್ದು," ಎಂದೆ ನಾನು. ನಗಲು ಹೋದರೆ ಬಲಪಕ್ಕೆ ಹಿಡಿಯಿತು.

ಅವನಿಗೆ ಏನು ಬೇಕಿರಬಹುದು ಎಂದು ನಾವಿಬ್ಬರೂ ಕೂತು ಯೋಚಿಸಿದೆವು. ದೀವಿಹಲಸಿನ ಮರ ಇರಬಹುದು ಎಂದಳು ಅವಳು. ಮರುದಿನವೇ ಮರ ಪೂರ್ತಿ ನಿನ್ನದೇ ಎಂದು ಹೇಳಿಬಂದೆ. ಅವನು "ಹ್ಞೂಂ" ಎಂದ, ಮುಖ ಹುಳಿಯಾಗಿತ್ತು. ನಾನು ಮನೆಗೆ ವಾಪಸು ಬರುವಾಗ ಮೆಟ್ಟಿಲ ಕಲ್ಲು ಸೀಳಿತು. ಒಳ್ಳೆ ಉಣ್ಣೆ ಬಟ್ಟೆ ತರಿಸಿ ಅವನಿಗೊಂದು ಕೋಟು ಹೊಲಿದೆ, ನನ್ನ ಜನ್ಮದಲ್ಲೇ ಅಂಥ ಕೋಟು ಹೊಲಿದಿರಲಿಲ್ಲ. ಆದರೆ ಕೊಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ, ಇದರಿಂದಾದರೂ ನನ್ನ ಭಾರ ಇಳಿಯಲಿ ಎಂದು. ಪಾಪ, ಅವನು ಕೋಟು ಹಾಕಿಕೊಂಡವನೇ ಮುಂದಕ್ಕೆ ಮುಗ್ಗರಿಸಿದ. ಗೂಟಕ್ಕೆ ನೇತುಹಾಕಿದರೆ ಗೂಟ ಗೋಡೆಯ ಗಾರೆಯ ಸಮೇತ ಕೆಳಗೆ ಬಂತು. ಆದರೂ ನನ್ನ ಮರ್ಯಾದೆಗೆಂದು ಎರಡು ಭಾನುವಾರ ಅದನ್ನೇ ಹಾಕಿಕೊಂಡು ಪೂಜೆಗೆ ಬಂದ. ಅವನು ಮುಂದಕ್ಕೆ ಬಾಗಿ, ನಾನು ಬಲಕ್ಕೆ ವಾಲಿ, ಅಣ್ಣತಮ್ಮ ಇಬ್ಬರೂ ಪೀಠದ ಕಡೆ ನಡೆದರೆ ಮಕ್ಕಳು ಬೈಬಲಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಮಾತಿನಲ್ಲೂ ನಾನು ಏನೂ ಕಡಿಮೆ ಮಾಡಲಿಲ್ಲ. ಪ್ರಾಣ ಕೊಟ್ಟವನು ತಾನೇ? ಅವನ ರೇಡಿಯೋ ಬೊಬ್ಬೆ ಹೊಡೆದರೆ, ಒಳ್ಳೆ ಹಾಡು ಅಣ್ಣ, ಎಂದೆ. ಬ್ರೆಡ್ಡು ಕರಕಲಾದರೆ, ಹೀಗೇ ರುಚಿ ಜಾಸ್ತಿ, ಎಂದು ಎರಡು ತುಂಡು ಹೆಚ್ಚು ತಿಂದೆ. ನಲವತ್ತಾರು ವರ್ಷ ಅವನನ್ನು ಇನಾಸ, ಕುಳ್ಳ, ಮೈದಾ ಮೂಟೆ ಎಂದೆಲ್ಲ ಕರೆದವನು ಈಗ ಇನಾಸಣ್ಣ ಎನ್ನುತ್ತಿದ್ದೆ, ಬನ್ನಿ, ಕೂತುಕೊಳ್ಳಿ ಎಂದು ಬಹುವಚನ ಬೇರೆ. ಒಂದು ಸಲ ಅವನು ಬೇಕೆಂದೇ ನನ್ನ ಗೋಡೆಗೆ ಆ ಕಡೆಯಿಂದ ನಾಲ್ಕು ಸಲ ಗುದ್ದಿದ. ನಾನು ಓಡಿ, ಅಂದರೆ ತೆವಳಿ, ಹೋಗಿ "ಮಿಷನ್ ನಿಲ್ಲಿಸ್ಬೇಕಾ ಅಣ್ಣ?" ಎಂದು ಕೇಳಿದೆ. ಅವನು ಗುದ್ದಿದ ಮುಷ್ಟಿಯನ್ನು ಬಿಚ್ಚಿದ. "ಬೇಡ," ಎಂದು ಒಳಗೆ ಹೋಗಿ ಹಿಟ್ಟು ನಾದತೊಡಗಿದ. ಆ ದಿನ ನಾನು ನೆಲದ ಮೇಲೆ ಚಾಪೆ ಹಾಸಿ ಮಲಗಿದೆ, ಇನ್ನು ಯಾವ ಮಂಚವೂ ನನ್ನನ್ನು ತಡೆಯುವಂತಿರಲಿಲ್ಲ.

ನವೆಂಬರಿನಲ್ಲಿ ಆಸ್ಪತ್ರೆಗೆ ತಪಾಸಣೆಗೆ ಹೋದೆ. ಮನೆಯಿಂದ ವ್ಯಾನಿಗೆ ಹತ್ತಿಸಲು ಆರು ಜನ ಬೇಕಾಯಿತು, ಸೇತುವೆಯ ಆಚೆ ನಾನೇ ಇಳಿದು ಚಹಾ ಕುಡಿದೆ. ಡಾಕ್ಟರು ಫೋಟೋ ಎಲ್ಲ ನೋಡಿ, "ಕಿಡ್ನಿ ಬಹಳ ಚೆನ್ನಾಗಿ ಕೆಲಸ ಮಾಡ್ತಿದೆ. ಸೊಂಟದ ಮೂಳೆ ಮಾತ್ರ ಸವೆದುಹೋಗಿದೆ. ಏನಾದ್ರೂ ಹೊರ್ತೀರಾ?" ಎಂದು ಕೇಳಿದರು.

"ಹೊರ್ತೇನೆ," ಎಂದೆ.

"ಅದನ್ನ ಬಿಡಿ. ಇಲ್ಲಾಂದ್ರೆ ಹೊಸ ವರ್ಷ ದಾಟೋದ್ರೊಳಗೆ ನೀವು ಎದ್ದು ನಿಲ್ಲೋದು ಮುಗೀತು."

ಪ್ರೆಸಿಲ್ಲಾ ಅಲ್ಲೇ ತೀರ್ಮಾನ ಮಾಡಿದಳು. ಕ್ರಿಸ್ಮಸಿನ ಮರುದಿನ ಊರು ಬಿಟ್ಟು ಸೇತುವೆಯ ಆಚೆ, ಅವಳ ತಮ್ಮನ ಮನೆಯ ಪಕ್ಕ, ಬಾಡಿಗೆಗೆ ಇರುವುದು. ನಾನು ಇಲ್ಲ ಎನ್ನಲು ಯಾವ ಕಾರಣ ಹೇಳಲಿ? ಆದರೆ ನನಗೆ ಹೋಗಲು ಮನಸ್ಸಿರಲಿಲ್ಲ, ಸ್ವಲ್ಪವೂ ಇರಲಿಲ್ಲ. ಅಂಗಡಿ, ಗಿರಾಕಿ, ಅಪ್ಪ ಅಮ್ಮನ ಸಮಾಧಿ ಎಲ್ಲ ಇಲ್ಲಿ. ಸೇತುವೆಯ ಆಚೆ ಉಡುಗೊರೆಗಳಿಗೆ ಭಾರವೇ ಇಲ್ಲ, ಯಾರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯದೆಯೇ ಆ ಜನ ನಗುತ್ತಾ ಕೈಗೆ ಕೈ ಕೊಟ್ಟು ಸಂಸಾರ ಮಾಡುತ್ತಾರೆ, ಹೇಗೋ ಏನೋ. ಅಲ್ಲಿಗೆ ಹೋದರೆ ನಾನು ನೆಟ್ಟಗೆ ನಡೆಯಬಹುದು. ಆದರೆ ಅಣ್ಣ ಕೊಟ್ಟದ್ದನ್ನು ಹೊರಲಾಗದೆ ಅಣ್ಣನನ್ನು ಬಿಟ್ಟು ಓಡಿದವನಾಗಿ ನಡೆಯಬೇಕು. ಇದನ್ನು ನೆನೆದರೆ ಎದೆಯೂ ಭಾರವಾಗುತ್ತಿತ್ತು, ಅದು ಯಾರೂ ಕೊಟ್ಟ ಭಾರ ಅಲ್ಲ.

ನಾವು ಹೋಗುವ ಸುದ್ದಿ ಇನಾಸನಿಗೂ ತಲುಪಿತು. ಈ ಸಲದ ಗೋದಲಿ ಅವನೊಬ್ಬನೇ ಕಟ್ಟಿದ. ನಿಮ್ಮಿಷ್ಟದ ಹಾಗೆಯೇ ಕಟ್ಟಿ ಅಣ್ಣ, ನಿಮಗೆ ಗೊತ್ತಿಲ್ಲದ್ದಾ, ಎಂದು ನಾನೇ ಹೇಳಿ ಕಳಿಸಿದ್ದೆ.

ಇಪ್ಪತ್ತನಾಲ್ಕರ ಮಧ್ಯಾಹ್ನ ಮೂರು ಗಂಟೆಗೆ ಅವನು ಬಾಗಿಲಲ್ಲಿ ಬಂದು ನಿಂತ. "ಗೋದಲಿ ಆಯ್ತು. ನೋಡ್ಲಿಕ್ಕೆ ಬಾ," ಎಂದ.

"ಹೇಗೆ ಬರುದು ಭಾವ? ಎತ್ಲಿಕ್ಕೆ ಎಂಟು ಜನ ಬೇಕು ಈಗ," ಎಂದಳು ಪ್ರೆಸಿಲ್ಲಾ. ಅವಳು ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

ಇನಾಸ ಬಗ್ಗಿ ಚಾಪೆಯಿಂದ ನನ್ನನ್ನು ಎತ್ತಿಕೊಂಡ. ಕೊಟ್ಟವನಿಗೆ ಭಾರ ಇಲ್ಲ ತಾನೇ, ಅವನಿಗೆ ನಾನು ಬರೀ ನಾನೇ, ಕಾಯಿಲೆಯಿಂದ ಸೊರಗಿದ ಉದ್ದನೆಯ ದರ್ಜಿ. ನನ್ನ ಕಾಲುಗಳು ನೆಲಕ್ಕೆ ತಾಗುತ್ತಿದ್ದವು. ಬ್ರೆಡ್ಡಿನ ಕೈಗಾಡಿಯಲ್ಲಿ ಕೂರಿಸಿದಾಗ ಗಾಡಿಯ ಹಲಗೆ ಬಗ್ಗಿತು, ಆದರೆ ಅವನು ಒಂದೇ ಕೈಯಲ್ಲಿ ತಳ್ಳಿದ. ದಾರಿಯುದ್ದಕ್ಕೂ ಗಾಡಿಯ ಚಕ್ರ ಟಾರಿನಲ್ಲಿ ಅರ್ಧ ಇಂಚು ಆಳದ ಗೆರೆ ಕೊರೆದುಕೊಂಡು ಹೋಯಿತು. ಜನ ಬಾಗಿಲಿಗೆ ಬಂದು ನೋಡಿದರು. ಅಣ್ಣನ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು, ಯೀಸ್ಟಿನ ವಾಸನೆ. ನಾಡಿದ್ದಿನಿಂದ ಈ ವಾಸನೆ ಇಲ್ಲ ಎಂದುಕೊಂಡು ಕಣ್ಣು ಒರೆಸಿಕೊಂಡೆ.

ಇಗರ್ಜಿಯ ಎಡಮೂಲೆಯಲ್ಲಿ ಗೋದಲಿ ಇತ್ತು. ಏನು ಹೇಳಲಿ. ಗೋಡೆಗಳನ್ನು ರಸ್ಕಿನಲ್ಲಿ ಕಟ್ಟಿದ್ದ, ಮೇಲಿನ ಮಾಡಿಗೆ ಬ್ರೆಡ್ಡಿನ ಕಡ್ಡಿ. ನೆಲಕ್ಕೆಲ್ಲ ಪುಡಿ ಸಕ್ಕರೆ ಉದುರಿಸಿದ್ದ, ಬೆತ್ಲೆಹೇಮಿನಲ್ಲಿ ಯಾವ ಕಾಲಕ್ಕೆ ಹಿಮ ಬಿದ್ದಿತ್ತೋ. ಸಂತ ಜೋಸೆಫರು ಜಗಳವಾಡಿದವರ ಹಾಗೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ನಕ್ಷತ್ರ ಕೊಟ್ಟಿಗೆಯ ಮೇಲೆ ಇರಲಿಲ್ಲ, ಒಂಟೆಯ ಹಿಂಭಾಗದ ಮೇಲಿತ್ತು. ಇಷ್ಟು ಸಾಲದೆ ಕಿಟಕಿಯಿಂದ ಇರುವೆಗಳು ಸಾಲುಗಟ್ಟಿ ಮೂವರು ರಾಜರನ್ನು ಹಿಂದೆ ಹಾಕಿ, ಬಾಲಯೇಸುವಿಗೆಂದು ಖಾಲಿ ಬಿಟ್ಟ ಹುಲ್ಲಿನ ಹಾಸಿಗೆಯೊಳಗೆ ಇಳಿಯುತ್ತಿದ್ದವು.

"ಹೇಗುಂಟು?" ಎಂದ ಇನಾಸ.

"ತುಂಬಾ ಚಂದ..." ಎಂದೆ. ಹಲಗೆ ಚಟ್ ಎಂದಿತು. "ತುಂಬಾ ಚಂದ ಉಂಟು ಇನಾಸಣ್ಣ, ಇಷ್ಟು..." ಒಂದು ಇರುವೆ ಕುರಿಮರಿಯ ಕಣ್ಣಿನಿಂದ ಹೊರಗೆ ಬಂತು. ನನ್ನೊಳಗೆ ಎಂಟು ತಿಂಗಳಿಂದ ಗಂಟು ಹಾಕಿ ಇಟ್ಟದ್ದು ಏನೋ ಬಿಚ್ಚಿಹೋಯಿತು. "ಇದು ಗೋದಲಿಯಾ ನಿನ್ನ ತಲೆಯಾ? ದೇವರ ಮಗ ಹುಟ್ಟುದು ಕೊಟ್ಟಿಗೆಯಲ್ಲಿ, ಚಹಾದ ಜೊತೆ ಅದ್ದಿ ತಿನ್ಲಿಕ್ಕೆ ಅಲ್ಲ. ಇರುವೆ ಕಚ್ಚಿ ಬಾಲಯೇಸು ನಾಳೆಯೇ ಶಿಲುಬೆ ಏರ್ತಾನೆ."

ಇನಾಸ ತಿರುಗಿ ನಿಂತ. "ಎಂತ ಹೇಳಿದ್ದು?"

"ನಕ್ಷತ್ರ ಯಾರಿಗೆ ದಾರಿ ತೋರಿಸ್ತಾ ಉಂಟು ಅಂತ ಕೇಳಿದ್ದು. ಒಂಟೆಯ ಬಾಲಕ್ಕಾ?"

"ನೀನು ಕಟ್ಟಿದ್ರೆ ಭಾರೀ ಇರ್ತಿತ್ತು. ಹೋದ ವರ್ಷ ನಿನ್ನ ಹಸು ಹಂದಿಯ ಹಾಗೆ ಇತ್ತು, ಮಕ್ಕಳು ಹೆದರಿ ಅತ್ತಿದ್ರು."

"ನನ್ನ ಹಸುವಿನ ಸುದ್ದಿಗೆ ಬರ್ಬೇಡ, ಮೈದಾ ಮೂಟೆ. ಜೋಸೆಫ್ ಯಾಕೆ ಗೋಡೆ ನೋಡ್ತಿದ್ದಾನೆ ಗೊತ್ತುಂಟಾ? ನಿನ್ನ ಕೆಲಸ ನೋಡ್ಲಿಕ್ಕೆ ಆಗದೆ."

"ಉದ್ದದ ಬೆದರುಬೊಂಬೆ. ಸೂಜಿಗೆ ನೂಲು ಹಾಕ್ಲಿಕ್ಕೆ ಹೆಂಡತಿಯನ್ನು ಕರೀತಿ, ನಂಗೆ ಗೋದಲಿ ಕಲಿಸ್ತಿಯಾ?"

ಹೀಗೇ ಎಷ್ಟು ಹೊತ್ತು ಹೋಯಿತೋ. ರೇಡಿಯೋ ಬಂತು, ಕರಕಲು ಬ್ರೆಡ್ಡು ಬಂತು, ಅವನ ಮದುವೆಯ ಕೋಟಿನ ತೋಳು ಒಂದು ಉದ್ದ ಒಂದು ಗಿಡ್ಡ ಇದ್ದದ್ದು ಬಂತು. ಮರ ವಾಪಸು ಕೊಡು ಎಂದು ನಾನು ಕೇಳಿದೆ. ಮುಟ್ಟಿ ನೋಡು ಎಂದ ಅವನು. ಬೊಬ್ಬೆಗೆ ಫಾದರ್ ವಲೇರಿಯನ್ ಅರ್ಧ ಹಾಕಿದ ನಿಲುವಂಗಿಯಲ್ಲೇ ಓಡಿಬಂದರು, ಕುರ್ಚಿ ಒರೆಸುತ್ತಿದ್ದ ಅಪೊಲಿನ್ ಬಾಯಿ ಒರೆಸುವುದನ್ನು ನಿಲ್ಲಿಸಿ ಆರಾಮವಾಗಿ ಕೂತರು. ನಾನು ಒಂಟೆಯ ಮೇಲಿನ ನಕ್ಷತ್ರವನ್ನು ಕಿತ್ತು ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿ, ಜೋಸೆಫರನ್ನು ಈಚೆ ತಿರುಗಿಸಿ, ಇನ್ನೂ ಏನೋ ಬೈಯಲು ಬಾಯಿ ತೆರೆದಾಗ ಪ್ರೆಸಿಲ್ಲಾ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡದ್ದು ಕಾಣಿಸಿತು. ಕೆಳಗೆ ನೋಡಿದೆ. ಗಾಡಿ ಹತ್ತು ಹೆಜ್ಜೆ ಹಿಂದೆ ಇತ್ತು. ನಾನು ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದೆ.

ಇನಾಸನೂ ನೋಡಿದ. ಅವನ ಮುಖದ ಸಿಟ್ಟು ಹಾಗೆಯೇ ಇತ್ತು, ಕಣ್ಣಿನಿಂದ ಮಾತ್ರ ನೀರು ಇಳಿಯಿತು. "ಎಂಟು ತಿಂಗಳು ಮಾರಾಯ," ಎಂದ. "ನಾನು ಕಿಡ್ನಿ ಕೊಟ್ಟದ್ದು ನನ್ನ ತಮ್ಮ ಸಾಯ್ಬಾರ್ದು ಅಂತ. ಆಸ್ಪತ್ರೆಯಿಂದ ವಾಪಸು ಬಂದದ್ದು ಯಾವನೋ ಮರ್ಯಾದಸ್ಥ. ಬನ್ನಿ ಕೂತ್ಕೊಳ್ಳಿ ಅಂತಾನೆ. ನನ್ನ ತಮ್ಮ ಸತ್ತೇ ಹೋದ ಅಂತ ನಾನು ಅಳ್ತಾ ಇದ್ದೆ, ಯಾರಿಗೆ ಹೇಳುದು?"

ಅವನಿಗೆ ಬೇಕಾಗಿದ್ದದ್ದು ನಾನು. ಕೃತಜ್ಞತೆಯ ಮೂಟೆ ಹೊತ್ತು ಅವನ ಕಾಲ ಬಳಿ ಬಿದ್ದಿದ್ದವನು ಅಲ್ಲ, ಆರು ಇಂಚು ಎತ್ತರದಿಂದ ಅವನನ್ನು ಕುಳ್ಳ ಎಂದು ಕರೆಯುವ ನಾನು. ಮರ, ಕೋಟು, ಬಹುವಚನ ಎಲ್ಲ ಕೊಟ್ಟೆ, ಇದೊಂದನ್ನು ಬಿಟ್ಟು. ನಾನು ಅವನನ್ನು ತಬ್ಬಿಕೊಂಡೆ. ಅವನು, "ಬಿಡು, ಬೆವರು ವಾಸನೆ, ಸ್ನಾನ ಮಾಡಿದ್ದು ಯಾವಾಗ ನೀನು," ಎಂದು ದೂಡಿದ. ಅಪೊಲಿನ್ ಬಾಯಿ ಫಾದರನ್ನು ನೋಡಿ, "ದೇವರಿಗೆ ಏನೂ ಬೇಡ ಅಂತೀರಲ್ವಾ ಫಾದರ್ ವರ್ಷ ವರ್ಷ. ಸ್ವಲ್ಪ ವಿಚಾರಿಸಿ ನೋಡಿ," ಎಂದರು. ಫಾದರ್ ಗೋದಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಇರುವೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು.

ಸಂಜೆ ಪ್ರೆಸಿಲ್ಲಾ ಪೆಟ್ಟಿಗೆಯಿಂದ ಪಾತ್ರೆಗಳನ್ನು ವಾಪಸು ತೆಗೆದಳು. ಭಾರ ಪೂರ್ತಿ ಹೋಗಿದೆ ಎಂದು ಹೇಳಲಾರೆ, ಕಾಲು ಕಿಲೋದಷ್ಟು ಉಳಿದಿದೆ. ನಾಳೆಗೂ ಒಂದು ಜಗಳ ಬೇಕು ಎಂದು ಅವನಿಗೆ ಇರುತ್ತದಲ್ಲ, ಅದರದ್ದು.

ಕ್ರಿಸ್ಮಸಿನ ಬೆಳಿಗ್ಗೆ ಪೂಜೆಯಲ್ಲಿ ಫಾದರ್ ತಮ್ಮ ಮಾಮೂಲು ಪ್ರಸಂಗ ಶುರು ಮಾಡಿ, "ಬದಲಿಗೆ ಏನನ್ನೂ..." ಎಂಬಲ್ಲಿಗೆ ಬಂದು ನಿಂತರು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, "ಬನ್ನಿ, ಬಾಲಯೇಸುವಿಗೆ ಮುತ್ತು ಕೊಡಿ," ಎಂದು ಮೂರ್ತಿಯನ್ನು ಎತ್ತಿಕೊಂಡು ಪೀಠದಿಂದ ಇಳಿದರು. ಎಲ್ಲರ ಹಾಗೆ ನಾನೂ ಸಾಲಿನಲ್ಲಿ ನಿಂತೆ, ಸ್ವಂತ ಕಾಲಿನಲ್ಲಿ ನಡೆದೆ, ಮೊಣಕಾಲೂರಿದೆ. ಪ್ರತಿ ವರ್ಷ ಅಲ್ಲಿ ಎರಡು ಸೆಕೆಂಡಿನಲ್ಲಿ, ಸ್ತೋತ್ರ ಸ್ವಾಮಿ, ನೀನು ಕೊಟ್ಟದ್ದಕ್ಕೆಲ್ಲ ಸ್ತೋತ್ರ, ಎಂದು ಹೇಳಿ ಏಳುವವನು ನಾನು. ಈ ಸಲ ಆ ಪುಟ್ಟ ಮುಖವನ್ನು ನೋಡಿದೆ, ಗಲ್ಲದಲ್ಲಿ ಸ್ವಲ್ಪ ಸಕ್ಕರೆ ಅಂಟಿತ್ತು. ಇಷ್ಟು ವರ್ಷ ನಾನು ಇವನಿಗೆ ಮರ್ಯಾದೆ ಬಿಟ್ಟು ಬೇರೆ ಏನನ್ನೂ ಕೊಟ್ಟಿಲ್ಲ ಎನಿಸಿತು.

"ಮೊದಲೇ ಎರಡು ಒಳ್ಳೆ ಕಿಡ್ನಿ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಶುರು ಮಾಡಿದೆ. ಆಮೇಲೆ ಒಂದರ ಹಿಂದೆ ಒಂದು ಬಂತು, ನಲವತ್ತಾರು ವರ್ಷದ್ದು. ಅಮ್ಮನ ಕಾಯಿಲೆ, ನಮಗೆ ಮಕ್ಕಳಾಗದ್ದು, ಪ್ರೆಸಿಲ್ಲಾ ಅದಕ್ಕಾಗಿ ಬರಿಗಾಲಲ್ಲಿ ನಡೆದ ಹರಕೆಗಳು, ಏನು ಕಿವಿ ಕೇಳುವುದಿಲ್ಲವಾ ನಿನಗೆ ಎಂದು. ಫಾದರ್ ಮೂರ್ತಿಯನ್ನು ಹಿಡಿದುಕೊಂಡು ಹಾಗೆಯೇ ನಿಂತಿದ್ದರು, ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಹಿಂದೆ ಸಾಲು ಬಾಗಿಲವರೆಗೆ ಬೆಳೆಯಿತು. ಬೆನ್ನಿಗೆ ಒಂದು ಬೆರಳು ತಿವಿಯಿತು.

"ಬೇಗ ಮುಗಿಸು," ಎಂದ ಇನಾಸ. "ನಂಗೂ ಹೇಳ್ಲಿಕ್ಕೆ ಉಂಟು."